ತಿದ್ದಿದ ಗೆರೆ

ದಾಕ್ಷಾಯಣಿಗೆ ಊಹಿಸಲು ಬರುತ್ತಿರಲಿಲ್ಲ. ಇದು ಯಾರೋ ಸಿಟ್ಟಿನಲ್ಲಿ ಆಡಿದ ಮಾತಲ್ಲ, ಯಂತ್ರ ಅಳೆದು ಕೊಟ್ಟ ಅಂಕಿ. ಅವಳ ಓದುಗೆರೆಯ ಕೆಳಗೆ 'ಊಹೆ: ನೂರಕ್ಕೆ ಮೂರು' ಎಂದು ಅಚ್ಚಾಗಿತ್ತು. ಅದರ ಪಕ್ಕದಲ್ಲೇ 'ನಿಷ್ಠೆ: ನೂರಕ್ಕೆ ತೊಂಬತ್ತೆಂಟು' ಎಂದಿದ್ದುದರಿಂದ ಅವಳ ಅಪ್ಪ ರಾಚಪ್ಪ ಆ ಹಾಳೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದ.

ಹುಬ್ಬಳ್ಳಿಯಲ್ಲಿ ಹೆಣ್ಣು ಗಂಡು ನೋಡುವವರು ಜಾತಕ ಕೇಳುವುದನ್ನು ಬಿಟ್ಟು ಆಗ ಹನ್ನೊಂದು ವರ್ಷವಾಗಿತ್ತು. ಅವರು ಗೆರೆ ಕೇಳುತ್ತಿದ್ದರು. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ; ಗುಬ್ಬಿಯಂತೆ ಕುಪ್ಪಳಿಸುತ್ತದೆ. ಎಲ್ಲಿ ಕುಪ್ಪಳಿಸಿತು, ಎಲ್ಲಿ ನಿಂತಿತು, ಯಾವ ಸಾಲಿಗೆ ಮರಳಿತು, ಯಾವುದನ್ನು ಹಾರಿಸಿತು, ಯಾವಾಗ ಪುಟ ಬಿಟ್ಟು ಮೇಲೆ ಎದ್ದಿತು—ಇಷ್ಟನ್ನೂ ಬರೆದುಕೊಳ್ಳುವ ಒಂದು ದಪ್ಪ ಕಟ್ಟಿನ ಕನ್ನಡಕ ಬಂದಿತ್ತು. ಅದರ ಎರಡೂ ಕಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಕ್ಯಾಮೆರಾ. ಮೂರು ಕಾದಂಬರಿ, ಇಪ್ಪತ್ತು ತಾಸು. ಆಮೇಲೆ ಮನುಷ್ಯ ಒಂದು ಗೆರೆಯಾಗಿ ಹೊರಗೆ ಬರುತ್ತಿದ್ದ. ಯಾರೋ ಒಬ್ಬರು, ಬಹಳ ವರ್ಷ ಜಗಳವಿಲ್ಲದೆ ಬಾಳಿದ ಗಂಡಹೆಂಡಿರ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದರು, ಅವು ಕೂಡಿದ್ದವು. ಮೊದಲು ಅದು ಸಂಶೋಧನೆಯಾಗಿತ್ತು, ಆಮೇಲೆ ಫ್ಯಾಷನ್ ಆಯಿತು, ಕೊನೆಗೆ ರೂಢಿಯಾಯಿತು. ರೂಢಿಯಾದ ಮೇಲೆ ಯಾರೂ ಅದನ್ನು ಪರೀಕ್ಷಿಸಲು ಹೋಗಲಿಲ್ಲ.

ಗೆರೆಗಳಲ್ಲಿ ವರ್ಗಗಳಿದ್ದವು. ಸಾಲು ಬಿಡದೆ ಓದುವವರು ಸಾಲಿಗರು. ಓದಿದ್ದಕ್ಕೇ ತಿರುಗಿ ಹೋಗುವವರು ಮರಳಿಗರು. ಪುಟ ಹಾರಿಸುವವರು ಹಾರಿಗರು. ಎಲ್ಲರಿಗಿಂತ ಕೆಳಗೆ ಬಿಡುಗರು. ಅವರು ಪುಸ್ತಕ ಮುಗಿಸುವುದಿಲ್ಲ. ಮುಗಿಸದವರು ಸಂಸಾರವನ್ನೂ ಮುಗಿಸುವುದಿಲ್ಲ ಎಂದು ಅರ್ಥ.

ದಾಕ್ಷಾಯಣಿ ಸಾಲಿಗಿತ್ತಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಆರು ವರ್ಷ ಓದಿ, ಯಾವುದರಲ್ಲೂ ಪಾಸಾಗದೆ, ಓದುವ ಶಿಸ್ತೊಂದನ್ನು ಮಾತ್ರ ಗಳಿಸಿದ್ದಳು. ಆ ಶಿಸ್ತಿನಿಂದಲೇ ಅವಳಿಗೆ ವಿದ್ಯಾನಗರದ ಸಮರೇಖಾ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ಗಾಜಿನ ಕೋಣೆಯಲ್ಲಿ ಕೂತು, ಆಚೆ ಓದುತ್ತಿರುವವರ ಗೆರೆ ಪರದೆಯ ಮೇಲೆ ಮೂಡುವುದನ್ನು ಕಾಯುವುದು ಅವಳ ಕೆಲಸ.

ಅದೇ ಕೇಂದ್ರದಲ್ಲಿ ಹುಲಗಪ್ಪ ಕನ್ನಡಕ ಕೂರಿಸುತ್ತಿದ್ದ. ಕನ್ನಡಕ ಮೂಗಿನ ಮೇಲೆ ಎಳ್ಳಿನಷ್ಟು ವಾರೆಯಾದರೂ ಗೆರೆ ಕೆಡುತ್ತಿತ್ತು. ಹೀಗಾಗಿ ಒಬ್ಬೊಬ್ಬರ ಮೂಗಿಗೂ ಅದನ್ನು ಹೊಂದಿಸಿ ಕೊಡಲು ಒಬ್ಬ ಆಳು ಬೇಕಿತ್ತು. ಕುಷ್ಟಗಿ ಕಡೆಯವನು, ಸರ್ಕಾರಿ ಹಾಸ್ಟೆಲಿನಲ್ಲಿ ಬೆಳೆದವನು. ದಿನಕ್ಕೆ ಮೂವತ್ತು ಮೂಗು ಹಿಡಿದೂ ಹಿಡಿದೂ ಅವನಿಗೆ ಮೂಗಿನ ಮೇಲೆ ಗೌರವ ಉಳಿದಿರಲಿಲ್ಲ.

"ಈ ಮೂಗಿಗೆ ಗಂಡ ಸಿಕ್ಕರೂ ಸಿಗಬಹುದು ಮೇಡಮ್," ಎಂದು ಗಾಜಿನ ಕೋಣೆಯ ಬಾಗಿಲಲ್ಲಿ ತಲೆ ಹಾಕಿ ಮೆಲ್ಲಗೆ ಹೇಳುತ್ತಿದ್ದ. "ಕನ್ನಡಕ ಕೂಡೂದು ಕಷ್ಟ ಐತಿ."

ಮಧ್ಯಾಹ್ನದ ಊಟಕ್ಕೆ ಸಿಬ್ಬಂದಿ ಮಾಳಿಗೆಗೆ ಹೋಗುತ್ತಿತ್ತು. ನೀರಿನ ಟಾಕಿಯ ನೆರಳಲ್ಲಿ ಇಬ್ಬರೇ ಕೂತಿದ್ದ ಒಂದು ದಿನ ದಾಕ್ಷಾಯಣಿ, ಕೇಂದ್ರದ ಎರಡನೇ ಕಾದಂಬರಿಯನ್ನು ತಾನು ನಾಲ್ಕು ಸಲ ಓದಿದ್ದೇನೆ ಎಂದಳು. ಆ ಮೂರೂ ಕಾದಂಬರಿಗಳನ್ನು ಕೇಂದ್ರವೇ ಬರೆಸಿತ್ತು. ಅವುಗಳಿಗೆ ಹೆಸರಿರಲಿಲ್ಲ, ನಂಬರು ಇತ್ತು. ಎರಡನೆಯದರಲ್ಲಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಪಾಲಿನ ಜಾಗದಲ್ಲಿ ಬಾವಿ ತೋಡುತ್ತಾರೆ. ಒಬ್ಬ ಕೆಳಗೆ ಅಗೆಯಬೇಕು, ಒಬ್ಬ ಮೇಲೆ ಮಣ್ಣು ಸೇದಬೇಕು. ಹೀಗಾಗಿ ಮಾತಾಡಲೇಬೇಕಾಗುತ್ತದೆ.

"ಕೊನಿಗೆ ಏನಾಕ್ಕೈತಿ?" ಹುಲಗಪ್ಪ ಕೇಳಿದ.

"ನೀರು ಬೀಳ್ತೈತಿ. ಇಬ್ರೂ ಅಪ್ಪಿಕೊಳ್ತಾರ. ಯಾಕ, ನೀವು ಓದಿಲ್ಲೇನು?"

"ಓದೀನಿ. ಕೊನಿ ಓದಿಲ್ಲ. ನನ್ನ ಕೊನಿ ಬ್ಯಾರೆ ಐತಿ."

"ನಿಮ್ಮ ಕೊನಿ ಅಂದ್ರ?"

ಅವನು ರೊಟ್ಟಿ ಮುರಿದು ಪುಂಡಿಪಲ್ಲೆಯಲ್ಲಿ ಅದ್ದಿದ. "ತಮ್ಮ ಕೆಳಗ ಇರ್ತಾನ. ನೀರು ಬಿದ್ದೈತಿ. ಅಣ್ಣ ಮ್ಯಾಲಿಂದ 'ಬಂತೇನೋ' ಅಂತ ಕೇಳ್ತಾನ. ತಮ್ಮ ಮೊಣಕಾಲ ಮಟ ನೀರಾಗ ನಿಂತು, 'ಇಲ್ಲೋ ಅಣ್ಣಾ, ಇನ್ನೂ ಒಣಾ ಐತಿ' ಅಂತಾನ. ಬಂತು ಅಂದ್ರ ನಾಳಿಂದ ಮತ್ತ ಮಾತು ಇರೂದಿಲ್ಲಲ್ಲ."

ದಾಕ್ಷಾಯಣಿಯ ತುತ್ತು ಕೈಯಲ್ಲೇ ಉಳಿಯಿತು. ನಾಲ್ಕು ಸಲ ಓದಿದ ಪುಸ್ತಕ ಅದು. ಆ ತಮ್ಮನ ಕಾಲು ಒದ್ದೆಯಾಗಿತ್ತು ಎಂಬುದು ಅವಳಿಗೆ ಒಮ್ಮೆಯೂ ಗೊತ್ತಾಗಿರಲಿಲ್ಲ.

ಮರುದಿನ ಅವಳೇ ಕೇಳಿದಳು. ಅದರ ಮರುದಿನವೂ. ತಾನು ಓದಿದ್ದ ಯಾವುದಾದರೂ ಪುಸ್ತಕದ ಹೆಸರು ಹೇಳುವಳು. ಅವನು ಕೊನೆ ಹೇಳುವನು. ಪುಸ್ತಕದಲ್ಲಿ ಸತ್ತವರನ್ನು ಅವನು ಸಾಯಗೊಡುತ್ತಿರಲಿಲ್ಲ ಎಂದೇನಲ್ಲ. ಬದುಕಿ ಉಳಿದವರನ್ನು ಎಷ್ಟೋ ಸಲ ಕೊಂದೇ ಬಿಡುತ್ತಿದ್ದ. ಆದರೆ ಕೇಳಿದ ಮೇಲೆ ಅಚ್ಚಾದ ಕೊನೆ ಸುಳ್ಳು ಅನಿಸುತ್ತಿತ್ತು. ಎರಡು ತಿಂಗಳಲ್ಲಿ 'ನೀವು' ಹೋಗಿ 'ನೀ' ಬಂತು. ಮೂರನೇ ತಿಂಗಳು ಅವಳು ಮನೆಯಲ್ಲಿ ಬಾಯಿ ಬಿಟ್ಟಳು.

ರಾಚಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಹುಡುಗನ ಹೆಸರು, ಊರು ಕೇಳಿ ಸ್ವಲ್ಪ ಹೊತ್ತು ಗಡಿಯಾರ ನೋಡಿದ. ಆಮೇಲೆ ನಕ್ಕ. "ನಮಗ ಜಾತಿ ಗೀತಿ ಏನಿಲ್ಲವ್ವಾ. ಆ ಕಾಲ ಹೋತು. ಗೆರಿ ಕೂಡಲಿ, ನಾಳೆನ ಅಕ್ಕಿಕಾಳು ಹಾಕ್ತೀನಿ."

"ನಿಮ್ಮ ಗೆರಿ ಯಾರ್ ತಗದಿದ್ರು?" ಒಳಗಿನಿಂದ ಅವ್ವ ಕಸ್ತೂರೆವ್ವ ಕೇಳಿದಳು. "ಬಸ್ಸಿನ ಬೋರ್ಡ್ ಬಿಟ್ಟು ಏನರ ಓದೀರೇನು?"

"ಓದಲಿಲ್ಲ, ಅದಕ್ಕ ನೀ ಗಂಟ ಬಿದ್ದಿ."

ರಾಚಪ್ಪನಿಗೆ ಗೊತ್ತಿದ್ದದ್ದು ದಾಕ್ಷಾಯಣಿಗೆ ಗೊತ್ತಿರಲಿಲ್ಲ ಎಂದಲ್ಲ. ಹಾಸ್ಟೆಲ್ ಹುಡುಗರ ಗೆರೆ ಸಾಮಾನ್ಯವಾಗಿ ಕೂಡುತ್ತಿರಲಿಲ್ಲ. ಇದನ್ನು ಕೇಂದ್ರದಲ್ಲಿ ಎಲ್ಲರೂ ಕಂಡಿದ್ದರು, ಯಾರೂ ಆಡುತ್ತಿರಲಿಲ್ಲ. 'ಗೆರೆ ಜಾತಿ ಕೇಳುವುದಿಲ್ಲ' ಎಂದು ಕೇಂದ್ರದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದು ನಿಜವೇ. ಕೇಳುವ ಅಗತ್ಯ ಅದಕ್ಕಿರಲಿಲ್ಲ.

ಹುಲಗಪ್ಪ ಮೂರು ದಿನ ಕೂತು ಓದಿದ. ಕನ್ನಡಕವನ್ನು ತಾನೇ ತನ್ನ ಮೂಗಿಗೆ ಕೂರಿಸಿಕೊಂಡ. ಗಾಜಿನ ಈಚೆ ದಾಕ್ಷಾಯಣಿ ಪರದೆ ನೋಡುತ್ತಿದ್ದಳು. ಅಂಥ ಗೆರೆಯನ್ನು ಅವಳು ಕಂಡಿರಲಿಲ್ಲ. ಏಳುವುದು, ಬೀಳುವುದು, ಒಂದು ಸಾಲಿನ ಮೇಲೆ ಕುದಿಯುವುದು, ಇನ್ನೊಂದರಲ್ಲಿ ತಣ್ಣಗಾಗುವುದು. ಆದರೆ ಪುಸ್ತಕದ ಕೊನೆಯ ಕೆಲವು ಹಾಳೆ ಉಳಿದಾಗ ಗೆರೆ ಒಮ್ಮೆಲೇ ನಿಂತಿತು. ಅವನು ತಲೆ ಎತ್ತಿ ಫ್ಯಾನು ನೋಡುತ್ತ ಒಂಬತ್ತು ನಿಮಿಷ ಕೂತ. ಪುಸ್ತಕ ಮುಚ್ಚಿದ. ಎರಡನೆಯದೂ ಹಾಗೆ. ಮೂರನೆಯದೂ ಹಾಗೆ.

ಯಂತ್ರ ಹಾಳೆಯನ್ನು ಉಗುಳಿತು. 'ವರ್ಗ: ಬಿಡುಗ. ಆರು ವರ್ಷದೊಳಗೆ ಸಂಬಂಧ ಮುರಿಯುವ ಸಾಧ್ಯತೆ: ನೂರಕ್ಕೆ ಎಂಬತ್ತಮೂರು.' ಕೆಳಗೆ ಸಣ್ಣ ಅಕ್ಷರದಲ್ಲಿ, ಯಾರೂ ನೋಡದ ಜಾಗದಲ್ಲಿ, 'ಊಹೆ: ನೂರಕ್ಕೆ ತೊಂಬತ್ತಾರು.'

ಆ ಎಂಬತ್ತಮೂರನ್ನು ದಾಕ್ಷಾಯಣಿ ನೂರಾರು ಹುಡುಗಿಯರಿಗೆ ಓದಿ ಹೇಳಿದ್ದಳು. ಅತ್ತವರಿಗೆ ಲೋಟದಲ್ಲಿ ನೀರು ಕೊಡುವುದೂ ಅವಳ ಕೆಲಸದ ಭಾಗವಾಗಿತ್ತು. ಈಗ ತಾನೇ ಒಂದು ಲೋಟ ಕುಡಿದಳು.

"ಯಾಕ ಮುಗಸೂದಿಲ್ಲ ನೀ?" ಮಾಳಿಗೆಯ ಮೇಲೆ ಕೇಳಿದಳು.

"ಮುಗಸ್ತೀನಲ್ಲ. ಪುಸ್ತಕದಾಗ ಮುಗಸೂದಿಲ್ಲ, ಅಷ್ಟ."

ಆಮೇಲೆ ಹಾಸ್ಟೆಲಿನ ಸಂಗತಿ ಹೇಳಿದ. ಅವರ ಲೈಬ್ರರಿ ಎಂದರೆ ನಾಲ್ಕು ಕಪಾಟು. ಹನ್ನೆರಡನೇ ರೂಮಿನ ಸೀನಿಯರ್‌ಗಳು ಪ್ರತಿ ಕಾದಂಬರಿಯ ಕೊನೆಯ ನಾಲ್ಕು ಹಾಳೆ ಹರಿದು ಟ್ರಂಕಿನಲ್ಲಿ ಇಟ್ಟಿದ್ದರು. ಕೊನೆ ಓದಬೇಕೆಂದವನು ಅವರ ಒಂದು ಆದಿತ್ಯವಾರದ ಬಟ್ಟೆ ಒಗೆದುಕೊಡಬೇಕು. ಈ ಪದ್ಧತಿ ಯಾವ ಕಾಲದಿಂದ ನಡೆದಿತ್ತೋ. ಇಂದಿನ ಜೂನಿಯರ್ ನಾಳೆ ಟ್ರಂಕಿನ ಯಜಮಾನ. ಸುತ್ತಿನ ಹಾಸ್ಟೆಲುಗಳಲ್ಲೂ ಹೀಗೇ ಇತ್ತು.

"ನಮ್ಮವ್ವ ಮೊದಲ ಕಂಡವರ ಅರಿವಿ ಒಗಿತಿದ್ಲು," ಹುಲಗಪ್ಪ ಹೇಳಿದ. "ನಾನೂ ಒಗೀಲೇನು, ಅದೂ ನಾಕು ಹಾಳಿಗೆ? ಒಗೀಲಿಲ್ಲ. ನಾನ ಕೊನಿ ಕಟ್ಟಿದೆ. ಉಳಿದ ಹುಡುಗ್ರೂ ಒಗ್ಯಾದು ಬಿಟ್ಟು ನನ್ನ ಹಂತ್ಯಾಕ ಬರಾಕ ಹತ್ತಿದ್ರು. ಸೀನಿಯರ್‌ಗಳು ಹೊಲಸ ಅರಿವಿ ಹಾಕ್ಕೊಂಡು ಬಂದು ನನ್ನ ಹೊಡದ್ರು." ನಕ್ಕ. "ಈಗ ಪೂರ್ತಿ ಪುಸ್ತಕ ಇದ್ರೂ ಅಷ್ಟ. ಬಲಗೈಯಾಗ ಹಾಳಿ ತೆಳ್ಳಗಾತು ಅಂದ್ರ ಕಣ್ಣು ತಾವ ಏಳತಾವ."

ದಾಕ್ಷಾಯಣಿ ಇದನ್ನು ಹಾಗೇ ಹೊತ್ತುಕೊಂಡು ನಿರ್ದೇಶಕಿ ಉಮರ್ಜಿ ಮೇಡಮ್ಮರ ಕೋಣೆಗೆ ಹೋದಳು. ಅದು ಬಿಡುವ ಚಟವಲ್ಲ, ಹರಿದ ಪುಸ್ತಕಗಳಿಂದ ಬಂದ ಅಭ್ಯಾಸ ಎಂದಳು. ಉಮರ್ಜಿ ಪೂರ್ತಿ ಕೇಳಿದರು. ಅವರು ಯಾರ ಮಾತನ್ನೂ ಅರ್ಧಕ್ಕೆ ತಡೆಯುವವರಲ್ಲ.

"ಭಾಳ ಛಲೋ ಮಾಹಿತಿ ಇದು," ಎಂದರು. "ಆದ್ರ ಕಾರಣ ಗೊತ್ತಾದ್ರ ಅಂಕಿ ಬದಲಾಗ್ತದೇನು? ಮಳಿ ಯಾಕ ಬರ್ತದ ಅಂತ ಗೊತ್ತಾದ್ರ ತೊಯ್ಯೂದು ತಪ್ತದೇನವಾ?"

"ಇಲ್ರಿ."

"ಮತ್ತ? ಎಂಬತ್ತಮೂರು ಎಂಬತ್ತಮೂರ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಒಂದು ದಾರಿ ಅದ. ತಿದ್ದುಪಡಿ. ಇನ್ನೂ ಯಾರ ಮ್ಯಾಲೂ ಮಾಡಿಲ್ಲ. ಹಾಸ್ಟೆಲಿನ ಹುಡುಗರೇ ಬೇಕಾಗಿತ್ತು ನಮಗ. ಅವನು ಒಪ್ಪಿದ್ರ ನೀನ ಮಾಡು. ನಿನ್ನ ಕೈ ಗಟ್ಟಿ ಅದ."

ತಿದ್ದುಪಡಿಯ ತತ್ವ ಸರಳ. ಕಣ್ಣು ಅಕ್ಷರದ ಮೇಲಿದ್ದು ಮನಸ್ಸು ಬೇರೆ ಕಡೆ ಹೊರಟಾಗ ಪಾಪೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಕ್ಯಾಮೆರಾ ಅದನ್ನು ಹಿಡಿದು, ಮನಸ್ಸು ಹೊಸ್ತಿಲು ದಾಟುವುದರೊಳಗೆ ಕಿವಿಯ ಹಿಂದೆ ಕರೆಂಟಿನ ಒಂದು ಚುರುಕು ಮುಟ್ಟಿಸುತ್ತದೆ. ತೊಂಬತ್ತು ಸಲ, ಕೇಂದ್ರದ ಮಾತಿನಲ್ಲಿ ತೊಂಬತ್ತು ಕೂಟ, ಕೂತರೆ ಹೊರಡುವುದು ನೋವು ಎಂದು ಮಿದುಳು ಕಲಿಯುತ್ತದೆ. ಆಮೇಲೆ ಕನ್ನಡಕ ಬೇಡ.

ಹುಲಗಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ಟಾಕಿಯ ನಲ್ಲಿಯನ್ನು ತಿರುವಿದ.

"ಗೆರಿ ಬಿಟ್ಟು ಬಾ ಅಂದ್ರ ಬರ್ತೀಯೇನು?"

"ಎಂಬತ್ತಮೂರು, ಹುಲಗಪ್ಪ."

"ಹದಿನೇಳು ಉಳೀತಲ್ಲ. ಅದರಾಗ ನಾ ಇರಬಾರದೇನು?"

ಇರಬಹುದಿತ್ತು. ಗೆರೆ ಇಲ್ಲದೆ ಮದುವೆಯಾಗಬಾರದೆಂಬ ಕಾನೂನೇನೂ ಇರಲಿಲ್ಲ. ಅಪ್ಪ ಬಾಗಿಲು ಹಾಕುತ್ತಿದ್ದ, ಕೇಂದ್ರ ಕೆಲಸದಿಂದ ತೆಗೆಯುತ್ತಿತ್ತು, ಅಷ್ಟೆ. ಆದರೆ ಆ ಹದಿನೇಳರಲ್ಲಿ ಒಬ್ಬನ ಹೆಂಡತಿಯಾಗಿ ಬಾಳುವುದು ಹೇಗಿರುತ್ತದೆ ಎಂದು ಅವಳು ಊಹಿಸಬೇಕಿತ್ತು. ಅವಳಿಗೆ ಬರಲಿಲ್ಲ.

"ಮೂರು ತಿಂಗಳು ಅಷ್ಟ," ಎಂದಳು. "ನಾನ ಗಾಜಿನ ಈಚೆ ಇರ್ತೀನಿ."

"ನೀನ ಚುಚ್ಚಾಕಿ ಅಂದಂಗಾತು," ಎಂದ ಹುಲಗಪ್ಪ. "ಮದುವಿ ಆದ ಮ್ಯಾಲೆ ಇರೂದ ಅದು. ಈಗಿಂದ ರೂಢಿ ಆಗಲಿ."

ಮೊದಲ ಕೆಲವು ದಿನ ಅವನು ನಗಾಡುತ್ತಲೇ ಕೂತ. "ಕಿವಿ ಹಿಂದ ಇರಿವಿ ಸಾಕೀಯೇನು?" ಎಂದು ಮೈಕಿನಲ್ಲಿ ಕೇಳುತ್ತಿದ್ದ. ಚುರುಕಿನ ಮಟ್ಟ ಒಂದರಿಂದ ಒಂಬತ್ತರವರೆಗೆ ಇತ್ತು. ಗುಂಡಿಯನ್ನು ತಿರುಗಿಸುವವಳು ದಾಕ್ಷಾಯಣಿ. ಎರಡರಲ್ಲಿ ಅವನು ತಲೆ ಕೊಡವಿದ. ಮೂರರಲ್ಲಿ ನಗೆ ನಿಂತಿತು. ಇಪ್ಪತ್ತನೇ ಕೂಟದ ಹೊತ್ತಿಗೆ ಕಿವಿಯ ಹಿಂದೆ ಚರ್ಮ ಕಂದಿ ಸುಲಿದಿತ್ತು. ಅವಳು ಮನೆಯಿಂದ ತುಪ್ಪ ತಂದು ಹಚ್ಚಿದಳು. ಹಚ್ಚಿ, ಕೈ ತೊಳೆದುಕೊಂಡು, ಒಳಗೆ ಹೋಗಿ ನಾಲ್ಕಕ್ಕೆ ತಿರುಗಿಸಿದಳು.

ಮೂವತ್ತೆರಡನೇ ಕೂಟದಲ್ಲಿ ಅವನು ಜೀವನದಲ್ಲಿ ಮೊದಲ ಸಲ ಒಂದು ಕಾದಂಬರಿಯನ್ನು ಕೊನೆಯ ಪದದವರೆಗೆ ಓದಿದ. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿತು. ಉಮರ್ಜಿ ಧಾರವಾಡದಿಂದ ಪೇಡೆ ತರಿಸಿದರು.

"ಹೆಂಗಿತ್ತು?" ದಾಕ್ಷಾಯಣಿ ಕೇಳಿದಳು.

ಅವನು ಪೇಡೆ ಬಾಯಿಗೆ ಹಾಕಿಕೊಂಡು ಯೋಚಿಸಿದ. "ಇಷ್ಟ ಏನು?" ಎಂದ. "ಇದಕ್ಕ ಅರಿವಿ ಒಗಸ್ತಿದ್ರೇನು ಅವರು?"

ಅದು ಅವನ ಕೊನೆಯ ಒಳ್ಳೆಯ ಮಾತು. ನಲವತ್ತೈದನೇ ಕೂಟದ ಮಧ್ಯಾಹ್ನ ಅವಳು ಎಂದಿನಂತೆ ಒಂದು ಪುಸ್ತಕದ ಹೆಸರು ಹೇಳಿ ಕಾದಳು. ಅವನು ರೊಟ್ಟಿ ತಿಂದು ಮುಗಿಸಿದ. ಡಬ್ಬಿ ಮುಚ್ಚಿದ.

"ಹೇಳು ಮತ್ತ," ಎಂದಳು.

"ಏನೂ ಹೊಳೀವಲ್ದು." ಹಣೆಯ ಮೇಲೆ ಬೆರಳಿಟ್ಟ. "ಬಾಗಲಾ ತಗದ್ರ ಗ್ವಾಡಿ ಐತಿ."

ದಣಿವಿರಬೇಕು ಎಂದಳು ದಾಕ್ಷಾಯಣಿ. ಮುಗಿದ ಮೇಲೆ ಸರಿಹೋಗುತ್ತದೆ ಎಂದಳು. ಸರಿಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಾನು ಚುಚ್ಚುತ್ತಿದ್ದದ್ದು ಅದನ್ನೇ. ಮನಸ್ಸು ಪುಟ ಬಿಟ್ಟು ಕೊನೆ ಕಟ್ಟಲು ಹೊರಟಿತೋ, ಸುಮ್ಮನೆ ಅಲೆಯಲು ಹೊರಟಿತೋ—ಪಾಪೆ ಎರಡಕ್ಕೂ ಒಂದೇ ರೀತಿ ಹಿಗ್ಗುತ್ತದೆ.

ಅರವತ್ತೊಂದನೇ ಕೂಟದ ದಿನ ಉಮರ್ಜಿ ಅವಳಿಗೆ ಮೂಲ ದಾಖಲೆಯ ಬೀಗ ತೆರೆದುಕೊಟ್ಟರು. ಹುಲಗಪ್ಪನ ಪ್ರಗತಿಯನ್ನು ಬಿಡುಗರ ಹಳೆಯ ಪಟ್ಟಿಯ ಪಕ್ಕದಲ್ಲೇ ತುಂಬಬೇಕಿತ್ತು. ಆ ಪಟ್ಟಿಯಲ್ಲಿ ನಾನೂರ ಹನ್ನೆರಡು ಜೋಡಿ. ಮುರಿದವು ಮುನ್ನೂರ ನಲವತ್ತೆರಡು. ಎಂಬತ್ತಮೂರು ಅಲ್ಲಿಂದ ಬಂದಿತ್ತು. ಕೊನೆಯ ಕಾಲಮ್ಮನ್ನು ಯಾರೂ ಅಚ್ಚಿಗೆ ಕೊಟ್ಟಿರಲಿಲ್ಲ: 'ಮುರಿದ ಬಗೆ.' ದಾಕ್ಷಾಯಣಿ ಸಾಲಿಗಿತ್ತಿ. ಮೇಲಿಂದ ಕೆಳಗಿನವರೆಗೆ ಒಂದೂ ಬಿಡದೆ ಓದಿದಳು.

ಇನ್ನೂರ ತೊಂಬತ್ತು ಜೋಡಿಗಳಲ್ಲಿ, ಗಂಡನ ಗೆರೆ ಬಿಡುಗ ಎಂದು ಗೊತ್ತಾದ ಮೇಲೆ ಹೆಂಡತಿಯ ತವರಿನವರು ಬಂದು ಅವಳನ್ನು ಕರೆದುಕೊಂಡು ಹೋಗಿದ್ದರು. ಇಪ್ಪತ್ತೊಂದರಲ್ಲಿ ಸಾವು, ಬೇರೆ ಕಾರಣ. ಗಂಡ ತಾನಾಗಿ ಬಿಟ್ಟುಹೋದದ್ದು ಮೂವತ್ತೊಂದು. ನೂರಕ್ಕೆ ಎಂಟೂ ಇಲ್ಲ. ಸಾಲಿಗರ ಪಟ್ಟಿ ತೆರೆದು ನೋಡಿದಳು. ಅಲ್ಲಿ ಬಿಟ್ಟುಹೋದ ಗಂಡಂದಿರು ನೂರಕ್ಕೆ ಒಂಬತ್ತು.

ಉಮರ್ಜಿಯ ಮೇಜಿನ ಮೇಲೆ ಹಾಳೆ ಇಟ್ಟು ನಿಂತಳು.

"ಗೊತ್ತದ," ಎಂದರು ಅವರು, ನೋಡದೆಯೇ.

"ಮತ್ತ ಎಂಬತ್ತಮೂರು ಅಂತ ನಾವು ಎಲ್ಲಾರಿಗೂ..."

"ಮುರಿದದ್ದು ಎಂಬತ್ತಮೂರು ಹೌದಲ್ಲೋ? ಯಾರು ಮುರಿದ್ರು ಅಂತ ನಾವು ಎಲ್ಲಿ ಬರದೀವಿ?" ಆಮೇಲೆ ತಾಯಿಯಂತೆ ಕೇಳಿದರು, "ಲಗ್ನಪತ್ರಿಕಾ ಅಚ್ಚಾತೇನು?"

"ಆತ್ರಿ. ಗೆರಿ ಹೆಂಗೂ ಕೂಡತೈತಿ ಅಂತ ಅಪ್ಪ ಮೊದಲ ಹಾಕಿಸಿದ್ರು. ಹಂಚಾಕೂ ಹತ್ಯಾರ."

"ಹಂಗಾದ್ರ ನಿಲ್ಲಸ್ತೀಯೇನು ಈಗ? ನಿಲ್ಲಸು, ನಂದೇನೂ ಇಲ್ಲ. ಅರ್ಧಕ್ಕ ನಿಂತ ಗೆರಿ ಯಾವ ವರ್ಗಕ್ಕೂ ಸೇರೂದಿಲ್ಲ. ನಿಮ್ಮಪ್ಪಗ ಏನ್ ತೋರಸ್ತಿ?"

ಅಂದಿನದು ಬಿಟ್ಟು ಇನ್ನೂ ಇಪ್ಪತ್ತೊಂಬತ್ತು ಕೂಟ ಉಳಿದಿದ್ದವು. ದಾಕ್ಷಾಯಣಿ ಗಾಜಿನ ಕೋಣೆಗೆ ಬಂದಳು. ಆಚೆ ಹುಲಗಪ್ಪ ಕನ್ನಡಕ ಹಾಕಿಕೊಂಡು, ಗದ್ದವನ್ನು ಮೇಜಿನ ಮೇಲಿನ ಚೌಕಟ್ಟಿಗೆ ಆನಿಸಿ ಕೂತಿದ್ದ. ಅವಳು ಬಂದದ್ದು ಕಂಡು ಕೈ ಎತ್ತಿದ. ಮೈಕಿನ ಗುಂಡಿ ಒತ್ತಿದರೆ ಸಾಕಿತ್ತು. 'ಏಳು, ಹೋಗೂಣು' ಎನ್ನುವುದಕ್ಕೆ ಊಹೆ ಬೇಕಿಲ್ಲ, ಎರಡು ಪದ ಸಾಕು. ಕಸ್ತೂರೆವ್ವ ಆ ಮಧ್ಯಾಹ್ನವೇ ತನ್ನ ತವರೂರಿಗೆ ಪತ್ರಿಕೆ ಹಂಚಲು ಹೋಗಿದ್ದು ನೆನಪಾಯಿತು. ಅವಳು ಆರರಲ್ಲಿದ್ದ ಗುಂಡಿಯನ್ನು ಏಳಕ್ಕೆ ತಿರುಗಿಸಿದಳು. ಬೇಗ ಮುಗಿಯಲಿ ಎಂದು.

ಬೇಗ ಮುಗಿಯಲೂ ಇಲ್ಲ. ತೊಂಬತ್ತೂ ಆಗಬೇಕಾಯಿತು.

ಹೊಸ ಗೆರೆ ದಾಕ್ಷಾಯಣಿಯ ಗೆರೆಯೊಂದಿಗೆ ನೂರಕ್ಕೆ ತೊಂಬತ್ತೊಂದು ಕೂಡಿತು. ರಾಚಪ್ಪ ಮಾತಿಗೆ ತಪ್ಪಲಿಲ್ಲ. ಮಗಳ ಪಟದ ಪಕ್ಕದಲ್ಲೇ ಅಳಿಯನ ಪಟ ತೂಗುಹಾಕಿದ. ಮದುವೆಯ ಮನೆಯಲ್ಲಿ ದೂರದ ಸಂಬಂಧಿಯೊಬ್ಬ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದ, "ಹುಡುಗ ಯಾವ ಪೈಕಿ, ರಾಚಪ್ಪ?"

"ಸಾಲಿಗ," ಎಂದ ರಾಚಪ್ಪ.

"ಅಲ್ಲೋ, ಮೊದಲ ಯಾವ ಪೈಕಿ?"

"ಮೊದಲ ಏನ ಇರಲಿ, ತಿದ್ದಿಸಿವಿ."

ಸಂಬಂಧಿಗೆ ಅರ್ಥವಾಯಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಮದುವೆಯಾದ ಮೇಲೆ ಅವ್ವ ಹೇಳಿಕೊಟ್ಟಂತೆ ದಾಕ್ಷಾಯಣಿ ಗಂಡನನ್ನು 'ನೀವು' ಎಂದಳು. ಹುಲಗಪ್ಪ ಒಳ್ಳೆಯ ಗಂಡ. ಆರಕ್ಕೆ ಮನೆಗೆ ಬರುತ್ತಿದ್ದ. ಬೆಳಗಿನ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಮುದ್ರಕರ ಹೆಸರಿನವರೆಗೆ ಓದುತ್ತಿದ್ದ. ಔಷಧದ ಡಬ್ಬಿಯೊಳಗಿನ ಚೀಟಿ ಓದುತ್ತಿದ್ದ. ಕೈಗೆ ಬಂದದ್ದನ್ನು ಮುಗಿಸದೆ ಕೆಳಗಿಡಲು ಅವನಿಗೆ ಬರುತ್ತಿರಲಿಲ್ಲ. ಯಾರಾದರೂ ನಡುವೆ ಕಸಿದುಕೊಂಡರೆ ಕೈ ತಾನಾಗಿ ಕಿವಿಯ ಹಿಂದೆ ಹೋಗುತ್ತಿತ್ತು. ಕೆಲಸದಲ್ಲಿ ಈಗ ಮೂಗಿನ ಜೋಕು ಹೇಳುತ್ತಿರಲಿಲ್ಲ. ಕನ್ನಡಕವನ್ನು ಮೊದಲಿಗಿಂತ ನೇರವಾಗಿ ಕೂರಿಸುತ್ತಿದ್ದ. ಕೇಂದ್ರದಲ್ಲಿ ಅವನ ಕೆಲಸಕ್ಕೆ ಹೊಗಳಿಕೆಯೇ. ಆ ವರ್ಷ ಉಮರ್ಜಿ ಹಾಸ್ಟೆಲುಗಳಿಂದ ಹುಡುಗರನ್ನು ಗುಂಪುಗುಂಪಾಗಿ ತಿದ್ದುಪಡಿಗೆ ಕರೆಸಿಕೊಂಡರು. ಮಾದರಿ ಗೆರೆ ಎಂದು ತೋರಿಸುತ್ತಿದ್ದದ್ದು ಹುಲಗಪ್ಪನದು.

ಮದುವೆಯಾಗಿ ನಾಲ್ಕು ತಿಂಗಳಿಗೆ ಅವರು ಅವನ ಊರಿಗೆ ಹೊರಟರು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಎದುರು ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬೆನ್ನಿಗೆ ಶಾಲೆ ಮಕ್ಕಳ ಚೀಲ, ಚೀಲದ ಮೇಲೆ ಹೂವಿನ ಚಿತ್ರ. ತೊಡೆಯ ಮೇಲೆ ಒಂದು ಹುಂಜ. ಹುಂಜದ ಕಾಲಿಗೆ ಕೆಂಪು ರಿಬ್ಬನ್ನು ಕಟ್ಟಿ, ಅದನ್ನು ಜಡೆಗೆ ಹಾಕುವಂತೆ ಚೆಂದವಾಗಿ ಹೂವಿನಂತೆ ಗಂಟು ಹಾಕಿದ್ದಳು. ಮುದುಕಿ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

ದಾಕ್ಷಾಯಣಿ ಗಂಡನ ಮೊಣಕೈ ಮುಟ್ಟಿದಳು. "ಅಲ್ಲಿ ನೋಡ್ರಿ."

ನೋಡಿದ.

"ಆಕಿ ಎಲ್ಲಿಗೆ ಹೊಂಟಿರಬೇಕು?"

ಅವನು ಮುದುಕಿಯ ಹಿಂದಿನ ಫಲಕ ಓದಿದ. "ಪ್ಲಾಟ್‌ಫಾರ್ಮ್ ಏಳು. ಗದಗ, ಕೊಪ್ಪಳ, ಹೊಸಪೇಟಿ."

"ಅದಲ್ಲ. ಆ ಹುಂಜ ಯಾರದು? ಯಾರ ಚೀಲ ಅದು? ಏನ್ ಹೇಳಾಕತ್ತಾಳ ಅದಕ್ಕ?"

"ಕೇಳಿ ಬರ್ಲೇನು?"

"ಬ್ಯಾಡ. ನೀವ ಹೇಳ್ರಿ."

"ನನಗೇನ್ ಗೊತ್ತು?" ಅವನು ಇನ್ನೊಮ್ಮೆ ನೋಡಿದ, ಮನಸ್ಸಿಟ್ಟೇ ನೋಡಿದ. "ಹುಂಜಕ್ಕ ಅರ್ಧ ಟಿಕೆಟ್ ತಗೋಬೇಕಾಕ್ಕೈತಿ," ಎಂದ.

ಅವಳು ಅವನ ಬಾಯಿಯನ್ನೇ ನೋಡುತ್ತ ಕಾದಳು, ತುಟಿ ಎಲ್ಲಾದರೂ ಅಲುಗುತ್ತದೆಯೋ ಎಂದು. ಅಲುಗಲಿಲ್ಲ. ಅವನು ನಗಾಡಿರಲಿಲ್ಲ, ನಿಯಮ ಹೇಳಿದ್ದ.

ಬಸ್ಸಿನಲ್ಲಿ, ಅಣ್ಣಿಗೇರಿ ದಾಟಿದ ಮೇಲೆ, ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. ಎಂಬತ್ತಮೂರು ಎಲ್ಲಿಂದ ಬಂದದ್ದು, ಇನ್ನೂರ ತೊಂಬತ್ತು ಯಾರು, ಅರವತ್ತೊಂದನೇ ದಿನ ತನಗೆ ಏನು ಗೊತ್ತಾಯಿತು, ಗೊತ್ತಾದ ಮೇಲೆ ತಾನು ಗುಂಡಿಯನ್ನು ಯಾವ ಕಡೆ ತಿರುಗಿಸಿದ್ದು. ಅವನು ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದಳು. ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗಿದ್ದರೆ ತಡೆಯುತ್ತಿರಲಿಲ್ಲ. ಇಳಿದು ಹೋಗಲಿ ಎಂದೇ ಅವಳಿಗಿತ್ತು.

ಅವನು ಕೊನೆಯವರೆಗೆ ಕೇಳಿದ. "ಮುಗೀತೇನು?" ಎಂದ.

"ಮುಗೀತು."

"ಹಾಂ."

"ಅಂದು ನಾ ನಿಲ್ಲಿಸಿದ್ರ ಈಗ ಹೆಂಗಿರ್ತಿದ್ವಿ ಅಂತ ಅನಸೂದಿಲ್ಲೇನ್ರಿ ನಿಮಗ?"

ಹುಲಗಪ್ಪ ಹುಬ್ಬು ಗಂಟಿಕ್ಕಿದ. ಪ್ರಯತ್ನಿಸುತ್ತಿದ್ದ ಎಂಬುದು ಕಾಣುತ್ತಿತ್ತು. ಕೈ ಕಿವಿಯ ಹಿಂದೆ ಹೋಯಿತು. "ನಿಲ್ಲಸಲಿಲ್ಲಲ್ಲ," ಎಂದ. ಟಿಕೆಟನ್ನು ಜೇಬಿನಿಂದ ತೆಗೆದು ಅದರ ಹಿಂದೆ ಅಚ್ಚಾಗಿದ್ದ ಸೂಚನೆಗಳನ್ನು ಓದತೊಡಗಿದ.

ಗದಗ ಬರುವವರೆಗೆ ದಾಕ್ಷಾಯಣಿ ಬೆರಳು ಮಡಚಿ ಎಣಿಸಿದಳು. ಮಾಳಿಗೆಯ ಮೇಲೆ, ಮೊದಲ ದಿನದಿಂದ ನಲವತ್ತೈದನೇ ಕೂಟದವರೆಗೆ, ಅವನು ಅವಳಿಗೆ ಹೇಳಿದ್ದ ಕೊನೆಗಳು ನಲವತ್ತೊಂದು. ಪೂರ್ತಿ ನೆನಪಿದ್ದವು ಒಂಬತ್ತು. ಅರ್ಧಂಬರ್ಧ ಐದು. ಉಳಿದ ಇಪ್ಪತ್ತೇಳು ಹೋಗಿದ್ದವು. ಅವನಿಗೆ ನೆನಪಿದ್ದದ್ದು ಒಂದೂ ಇಲ್ಲ.